ಬಹಮನ್ ಹತ್ತರ ಒಳಗೆ

ಕುಮಟೆ

ನಮ್ಮ ಕುಮಟೆಯಲ್ಲಿ ಮುಂಬಯಿಗೆ ಹೋಗಿಬಂದವರು ಮನೆಗೊಬ್ಬರಿದ್ದಾರೆ. ಮಚವೆ ಹತ್ತಿ ಮಸ್ಕತ್ತಿಗೆ ಹೋಗಿ, ಖರ್ಜೂರ ತಂದು, ಹತ್ತು ವರ್ಷ ಅದನ್ನೇ ಹೇಳಿಕೊಂಡು ತಿರುಗುವವರೂ ಇದ್ದಾರೆ. ಆದರೆ ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿ, ನಿಜಾಮರ ಸೀಮೆಯ ಕೊಪ್ಪಳವನ್ನು ಕಂಡುಬಂದವನು ನನಗೆ ಗೊತ್ತಿರುವಂತೆ ನಾನೊಬ್ಬನೇ. ಆ ಸೀಮೆಗೆ ಘಟ್ಟದ ಮೇಲಿನವರು ಮೊಗಲಾಯಿ ಅನ್ನುತ್ತಾರೆ. ಅಲ್ಲಿ ದೊರೆ ಬೇರೆ, ನಾಣ್ಯ ಬೇರೆ, ಶಾಲೆಗೆ ರಜೆ ಕೊಡುವ ವಾರವೂ ಬೇರೆ. ಪರದೇಶವಲ್ಲದೆ ಮತ್ತೇನು? ಭಾಷೆ ಮಾತ್ರ ನಮ್ಮದೇ ಎಂದು ತಿಳಿದಿದ್ದೆ. ಪೆಟ್ಟು ತಿಂದದ್ದು ಅಲ್ಲಿಯೇ.

ನಾನು ಹೋದದ್ದು ದೇವರ ದರ್ಶನಕ್ಕಲ್ಲ, ವ್ಯಾಪಾರಕ್ಕೂ ಅಲ್ಲ. ಒಂದು ಒಗಟಿನ ಉತ್ತರ ತರುವುದಕ್ಕೆ. ನಾನೂ ಶಾಲೆಯ ಮಾಸ್ತರನೇ; ನನಗೆ ಅಕ್ಷರ ಕಲಿಸಿದ ಮಂಜುನಾಥ ಮಾಸ್ತರರ ಬಳಿ ನೂರೊಂದು ಒಗಟುಗಳ ಒಂದು ಹಳೆಯ ಪುಸ್ತಕವಿದೆ. ಯಾವುದೋ ತಾಳೆಗರಿಯಿಂದ ಅವರ ಅಜ್ಜ ಕಾಗದಕ್ಕೆ ಇಳಿಸಿಕೊಂಡದ್ದು. ಎಲ್ಲವೂ ಪದ್ಯ, ಉತ್ತರ ಒಂದಕ್ಕೂ ಇಲ್ಲ. ಉತ್ತರದ ಹಾಳೆಗಳು ಕಳೆದುಹೋಗಿವೆ ಎಂದು ಮಾಸ್ತರರ ತೀರ್ಮಾನ. ಅವರು ಮೂವತ್ತು ವರ್ಷ ಕುಳಿತು ನೂರು ಒಗಟು ಬಿಡಿಸಿದರು. ಉಳಿದದ್ದು ಇದು:

ತಲೆಯೊಳೆ ಬಾಯಿ, ಬಾಯಿಗೆ ಕಲ್ಲ ಮುಚ್ಚಳ,
ಉಂಡುದು ಕರಗದು, ಕೇಳೆ ಮರಳಿಸುವುದು,
ದೀಪವನೊಯ್ಯದೆ ಹೊಕ್ಕರೆ ಕೊಲುವುದು,
ಹಗೆಯೆಂದು ಹೆಸರು, ಮನೆಗೆಲ್ಲ ಗೆಳೆಯನು,
ಬಲ್ಲರೆ ಪೇಳು ನೀ ನಿಂತ ನೆಲದಲಿ.

ಹೆಸರು ಹಗೆ, ಅಂದರೆ ವೈರಿ. ಆದರೆ ಮನೆಗೆ ಗೆಳೆಯ. ಯಾರವನು? ಮಾಸ್ತರರು ಹುತ್ತ ಅಂದರು. ಹುತ್ತಕ್ಕೆ ಕಲ್ಲಿನ ಮುಚ್ಚಳ ಎಲ್ಲಿದೆ? ಬಾವಿ ಅಂದರು, ಬಾವಿಗೆ ವೈರಿಯ ಹೆಸರೇಕೆ? ಒಂದು ಮಳೆಗಾಲ ಪೂರ್ತಿ ಅದು ಜಿಪುಣನೆಂದು ನಂಬಿದ್ದರು. ಅಚ್ಚುಕೂಟದವರು ನೂರು ಒಗಟಿನ ಮೊಳೆ ಜೋಡಿಸಿಟ್ಟು ಕಾಯುತ್ತಿದ್ದರು. ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಗಿನ ಬೆಳಕಿನಲ್ಲಿ ಮಾತ್ರ ದಪ್ಪ ಅಕ್ಷರ ಕಾಣುತ್ತಿದ್ದವು. "ಒಂದು ಬಿಟ್ಟು ಅಚ್ಚು ಹಾಕಿಸಿ" ಎಂದು ನಾನೆಂದರೆ, "ಮುಂದಿನ ಹಲ್ಲು ಬಿದ್ದವನು ನಕ್ಕ ಹಾಗೆ ಆಗ್ತದೆ ಮಾರಾಯ" ಅನ್ನುವರು. ತಮ್ಮ ಪುಸ್ತಕವನ್ನು ತಮ್ಮ ಕಣ್ಣಿನಿಂದ ನೋಡುವ ಆಸೆ ಅವರಿಗೆ ಎಷ್ಟಿತ್ತು ಎಂಬುದು ನನಗೆ ಗೊತ್ತಿತ್ತು. ದಿನ ಕಳೆದಷ್ಟೂ ನನಗೇ ಹೆದರಿಕೆಯಾಗುತ್ತಿತ್ತು.

ಶಿವರಾತ್ರಿಗೆ ಗೋಕರ್ಣಕ್ಕೆ ಬಂದಿದ್ದ ಕೊಪ್ಪಳದ ವೀರಭದ್ರಪ್ಪ ಎಂಬ ಕಚೇರಿಯ ಗುಮಾಸ್ತರು, ಅದೇ ಒಗಟಿನ ಓಲೆಗರಿ, ಊರಿನವರು ಓಲೆಯವರ ಮನೆ ಎನ್ನುವ ತಮ್ಮ ದೊಡ್ಡಮ್ಮನ ಮನೆಯಲ್ಲಿದೆ ಎಂದು ಹೇಳಿಹೋಗಿದ್ದರು. ಆ ಮನೆಯಲ್ಲಿ ಮುನ್ನೂರು ನಾನೂರು ವರ್ಷದ ಪುಸ್ತಕ ಭಂಡಾರವೇ ಇದೆಯಂತೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲವಂತೆ. ಮಾಸ್ತರರು ಕಾಗದ ಬರೆದರು. ಕಾರ್ತಿಕದಲ್ಲಿ ಉತ್ತರ ಬಂತು: "ಪುಸ್ತಕ ನೋಡುವುದಾದರೆ ಬಹಮನ್ ಹತ್ತರ ಒಳಗೆ ಬರಬೇಕು. ನಂತರ ಬಾಯಿ ಮುಚ್ಚಲಾಗುವುದು."

ನಾನು ಓದಿದೆ, ಮಾಸ್ತರರು ಅರ್ಥ ಹೇಳಿದರು. "ಆ ಕಡೆಯವರು ಹತ್ತಿರ ಅನ್ನುವುದಕ್ಕೆ ಹತ್ತರ ಅಂತಾರೆ. ಬಹಮನ್ ಅಂದರೆ ಬಹಮನಿ ಸುಲ್ತಾನರ ಕಾಲದ ಯಾವುದೋ ಬಾಗಿಲು. ಅದರ ಹತ್ತಿರ ಒಳಗೆ ಬರಬೇಕು. ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ನೋಡಿದೆಯಾ, ಪುಸ್ತಕದ ಮನೆಯಲ್ಲಿ ಎಂಥ ಶಿಸ್ತು!"

ನಾನು ತಲೆದೂಗಿದೆ. ಇಂಥ ಗುರುಗಳ ಶಿಷ್ಯನಾದದ್ದಕ್ಕೆ ಹೆಮ್ಮೆಯೂ ಆಯಿತು.

ಗದಗು

ಗಡಿಬಿಡಿ ಇಲ್ಲವಲ್ಲ ಎಂದು ಗದಗಿನಲ್ಲಿ ಒಂದು ದಿನ ಹೆಚ್ಚಿಗೆ ಉಳಿದೆ. ಈ ಒಂದು ದಿನವನ್ನು ಓದುಗರು ನೆನಪಿಡಬೇಕು. ಉಳಿದದ್ದು ಯಾವ ಘನಕಾರ್ಯಕ್ಕೂ ಅಲ್ಲ. ಬದನೆಕಾಯಿ ಬಜಿ ತಿನ್ನುವುದಕ್ಕೆ. ನಮ್ಮಲ್ಲಿ ಬದನೆಕಾಯಿಯನ್ನು ಇಷ್ಟು ಮರ್ಯಾದೆಯಿಂದ ಕರಿಯುವುದಿಲ್ಲ. ತಿನ್ನುತ್ತ ತಿನ್ನುತ್ತ ಸಂಜೆಯ ಗಾಡಿ ಹೋಯಿತು. ಹೋಗಲಿ ಬಿಡು ಎಂದು ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡೆ.

ಘಟ್ಟದ ಮೇಲಿನ ಬಯಲು ನನ್ನಂಥವನಿಗೆ ತಲೆ ತಿರುಗಿಸುತ್ತದೆ. ನಮ್ಮಲ್ಲಿ ಯಾವ ಕಡೆ ಮುಖ ಮಾಡಿದರೂ ಒಂದು ತೆಂಗಿನ ಮರ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರುವುದಿಲ್ಲ. ಮರುದಿನ ಬೆಳಿಗ್ಗೆ ಗಾಡಿಯ ಕಿಟಕಿಯಲ್ಲಿ ಕಪ್ಪು ಹೊಲ, ಬಿಳಿ ಹತ್ತಿ, ಎದೆಯೆತ್ತರದ ಜೋಳ, ಮತ್ತೆ ಕಪ್ಪು ಹೊಲ. ಎದುರಿಗೆ ಕುಳಿತಿದ್ದ ಕುಕನೂರಿನ ಹತ್ತಿ ವ್ಯಾಪಾರಿ ಸಂಗಪ್ಪನವರು ನನ್ನ ಬೆರಗನ್ನು ಕಂಡು, "ನಿಮ್ಮ ಕಡಿ ಇಷ್ಟ ಆಕಾಶ ಇಲ್ಲೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಪಾಪ ಎಂದು ಅವರು ನನಗೆ ಶೇಂಗಾ ಕೊಟ್ಟರು.

ಕೊಪ್ಪಳ ಸ್ಟೇಷನ್

ಇಳಿದ ಕೂಡಲೇ ಸುಂಕದ ಕಟ್ಟೆಯವರು ನನ್ನ ಚೀಲ ತೆಗೆಸಿದರು. ಒಳಗೆ ಎರಡು ಪಂಚೆ, ಮಾಸ್ತರರ ಕಾಗದ, ಹಲಸಿನ ಹಪ್ಪಳದ ಕಟ್ಟು ಮತ್ತು ಆರು ತೆಂಗಿನಕಾಯಿ. ಪುಸ್ತಕದ ಮನೆಯವರಿಗೆ ಬರಿಗೈಯಲ್ಲಿ ಹೋಗಬಾರದೆಂದು ತಂದದ್ದು. ರೂಮಿ ಟೊಪ್ಪಿಗೆಯ ಸಾಹೇಬರು ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, "ಬೇಚನೇ ಕಾ ಹೈ ಕ್ಯಾ?" ಎಂದರು. ಕಾಯಿ ಚೆನ್ನಾಗಿದೆಯೇ ಎಂದು ಕೇಳುತ್ತಿರಬೇಕೆಂದು ನಾನು ಹುರುಪಿನಿಂದ "ಹಾಂ! ಹಾಂ! ಬಹುತ್!" ಎಂದೆ. ನನಗೆ ಬರುತ್ತಿದ್ದ ಉರ್ದು ಅಷ್ಟೇ. ಅಷ್ಟನ್ನೂ ಒಮ್ಮೆಲೇ ಖರ್ಚು ಮಾಡಿದೆ. ಸಾಹೇಬರು ನನ್ನನ್ನು ಕಾಯಿ ವ್ಯಾಪಾರಿಯೆಂದು ಬೆಂಚಿನ ಮೇಲೆ ಕೂರಿಸಿದರು.

ಬಿಡಿಸಿದವರು ಸಂಗಪ್ಪನವರೇ. "ಮಾರಾಕ ಏನ್ರೀ ಅಂತ ಕೇಳಿದ್ರ ಹೌದು ಅಂತೀರಲ್ರೀ!" ಎಂದು ನನಗೆ ಬೈದು, ಅವರಿಗೆ ಉರ್ದುವಿನಲ್ಲಿ ಏನೋ ಹೇಳಿದರು. ಸಾಹೇಬರು ನಕ್ಕರು. ನಾನೊಂದು ಕಾಯಿ ಮುಂದೆ ಹಿಡಿದರೆ, ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಕೂಲಿಯವನನ್ನು ಕರೆದು ನನ್ನ ಚೀಲವನ್ನು ಅವನ ತಲೆಗೇರಿಸಿದರು. ಇಷ್ಟು ಒಳ್ಳೆಯ ಸುಂಕದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಹಮನ್ ಎಲ್ಲಿ?

ಸಂಗಪ್ಪನವರ ಜೊತೆ ಊರೊಳಕ್ಕೆ ಹೋಗುವಾಗ ಟಾಂಗಾದವನಿಗೆ ಠೀವಿಯಿಂದ, "ಬಹಮನ್ ಹತ್ತರ ಬಿಡಪ್ಪ" ಎಂದೆ. ಸ್ಥಳದ ಮಾತಿನಲ್ಲೇ ಹೇಳಿದೆನೆಂಬ ಹಿಗ್ಗು ಬೇರೆ. ಅವನು ಸಂಗಪ್ಪನವರ ಮುಖ ನೋಡಿದ. ಸಂಗಪ್ಪನವರು ನನ್ನ ಮುಖ ನೋಡಿದರು.

"ಯಾರ ಹತ್ತರ?"

"ಬಹಮನ್. ಹಳೆಯ ಬಾಗಿಲು ಇರಬೇಕಲ್ಲ?"

ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಒಮ್ಮೆ ಓದಿದರು, ಎರಡು ಸಲ ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಟಾಂಗಾದ ಕುದುರೆ ಬೆದರಿತು.

"ಮಾಸ್ತರ್ರ, ಬಹಮನ್ ಬಾಗಲಾ ಅಲ್ರಿ, ತಿಂಗಳಾ! ನಮ್ಮ ನಿಜಾಮ ಸರಕಾರದ ಫಸಲಿ ತಿಂಗಳಾ. ಅಜೂರ, ದೈ, ಬಹಮನ್. ಕಚೇರ್ಯಾಗ ಇದ್ದವ್ರು ಎಲ್ಲಾ ಹಂಗ ಬರೀತಾರ. ಬಹಮನ್ ಹತ್ತನೇ ತಾರೀಖಿನ ಒಳಗ ಬರ್ರಿ ಅಂತ ಬರದಾರ ನಿಮಗ."

"ಇವತ್ತು ಎಷ್ಟು?"

ಸಂಗಪ್ಪನವರ ನಗು ನಿಂತಿತು. "ಇವತ್ತ ಹನ್ನೊಂದರೀ."

ಬಜಿ! ಗದಗಿನ ಆ ದರಿದ್ರ ಬಜಿ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಎರಡು ದಿನ ಮೋಟಾರಿನಲ್ಲಿ, ರೈಲಿನಲ್ಲಿ ಮೈ ಕುಲುಕಿಸಿಕೊಂಡು ಬಂದು, ಒಂದು ದಿನದಲ್ಲಿ ತಪ್ಪಿಸಿಕೊಂಡೆ. ಕುಮಟೆಯ ಜಗಲಿಯಲ್ಲಿ ಕುಳಿತು ದಾರಿ ನೋಡುವ ಮಾಸ್ತರರಿಗೆ ಏನೆಂದು ಹೇಳಲಿ?

ಸಂಗಪ್ಪನವರು ಕುಕನೂರಿನ ಗಾಡಿ ಹಿಡಿಯಬೇಕಾಗಿತ್ತು. ಆದರೂ ನನ್ನನ್ನು ಓಲೆಯವರ ಮನೆಯ ಬಾಗಿಲವರೆಗೆ ಮುಟ್ಟಿಸಿ, "ಕೇಳಿ ನೋಡ್ರಿ, ಭಾಳ ಛಲೋ ಮಂದಿ" ಎಂದು ಬೆನ್ನು ತಟ್ಟಿ ಹೋದರು.

ಓಲೆಯವರ ಅಂಗಳ

ಕೋಟೆಯ ಬೆಟ್ಟದ ಕೆಳಗೆ, ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಓದುವ ಕೋಣೆ, ಕಪಾಟು, ಮೇಜು ಏನನ್ನೋ ಊಹಿಸಿಕೊಂಡು ಬಂದಿದ್ದೆ. ಅಂಗಳದಲ್ಲಿ ಎಮ್ಮೆ ಇತ್ತು. ಕಟ್ಟೆಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಜೋಳ ಹಸನು ಮಾಡುತ್ತಿದ್ದರು. ಅವರೇ ನೀಲವ್ವನವರು, ವೀರಭದ್ರಪ್ಪನವರ ದೊಡ್ಡಮ್ಮ, ಈ ಭಂಡಾರದ ಒಡತಿ. ಅಂದು ಶುಕ್ರವಾರ, ಕಚೇರಿಗೆ ರಜೆ, ವೀರಭದ್ರಪ್ಪನವರೂ ಮನೆಯಲ್ಲಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಬಂದ ದಿನ ಕೇಳಿ ಹಣೆ ಚಚ್ಚಿಕೊಂಡರು.

"ನಿನ್ನೆ ಸಂಜಿಮುಂದ ಬಾಯಿ ಮುಚ್ಚೀವ್ರೀ. ದಸರಾದಿಂದ ಇಲ್ಲೀ ತನಕಾ ಎಲ್ಲಾ ಕಟ್ಟು ಮ್ಯಾಲೆ ಬಿಸಲಿಗೆ ಹಾಕಿದ್ವಿ. ಇನ್ನ ಬರೂ ವರ್ಷ ದಸರಾಕ್ಕ ತಗಿಯೂದು."

"ಈಗ ಎಲ್ಲಿವೆ ಪುಸ್ತಕಗಳು?"

ನೀಲವ್ವನವರು ಮೊರದಿಂದ ಕಣ್ಣು ತೆಗೆಯದೆ, "ಹಗೇಕ ಹಾಕೀವ್ರೀ" ಅಂದರು.

ಹಗೆಗೆ ಹಾಕಿದರೇ? ವೈರಿಯ ಪಾಲು ಮಾಡಿದರೇ? ದಾಯಾದಿಗಳ ವ್ಯಾಜ್ಯವೇ, ಜಪ್ತಿಯೇ? ದುಃಖ ಸಿಟ್ಟು ಒಟ್ಟಿಗೇ ಬಂದವು. ಅಂಗಳದ ನಡುವೆ ನಿಂತು ಮನಸ್ಸಿನಲ್ಲಿದ್ದುದನ್ನೆಲ್ಲ ಕಾರಿಕೊಂಡೆ: ನನ್ನ ಗುರುಗಳು ಮೂವತ್ತು ವರ್ಷ ದುಡಿದಿದ್ದಾರೆ, ಕಣ್ಣು ಹೋಗುತ್ತಿದೆ, ಒಂದೇ ಒಂದು ಒಗಟು ಉಳಿದಿದೆ, ಅದರ ಉತ್ತರವಿಲ್ಲದೆ ಅಚ್ಚಿಗೆ ಕೊಡುವುದಿಲ್ಲ ಅನ್ನುತ್ತಾರೆ, ನೀವು ಹೀಗೆ ಯಾರಿಗೋ ಕೊಟ್ಟು ಕುಳಿತರೆ ನಾನೇನು ಮಾಡಲಿ!

ನೀಲವ್ವನವರು ಮೊರ ಕೆಳಗಿಟ್ಟರು. "ಸಾವಕಾಶ ಮಾಸ್ತರ್ರ. ಯಾವ ಒಗಟಾ? ಹೇಳ್ರಿ ಕೇಳೂಣು."

ಓದು ಬಾರದ ಮುದುಕಿಗೆ ಹಳಗನ್ನಡದ ಒಗಟು ಹೇಳಿ ಏನು ಪ್ರಯೋಜನ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೂ ಹೇಳಿದೆ. ತಲೆಯೊಳೆ ಬಾಯಿ, ಬಾಯಿಗೆ ಕಲ್ಲ ಮುಚ್ಚಳ... ಎರಡನೆಯ ಸಾಲಿಗೆ ಅವರ ತುಟಿ ಅಲುಗಿತು. ಮೂರನೆಯ ಸಾಲಿಗೆ ಸೆರಗು ಬಾಯಿಗೆ ಹೋಯಿತು. ಐದನೆಯದು ಮುಗಿಯುವಷ್ಟರಲ್ಲಿ ಎಮ್ಮೆ ತಿರುಗಿ ನೋಡುವಂತೆ ನಗುತ್ತಿದ್ದರು.

"ಅಯ್ಯ ನನ್ನಪ್ಪ! ಅದರ ಮ್ಯಾಲೇ ನಿಂತೀರಲ್ರೀ!"

ಕೆಳಗೆ ನೋಡಿದೆ. ನನ್ನ ಎರಡೂ ಕಾಲು ಹಸಿ ಸಗಣಿಯಿಂದ ಸಾರಿಸಿದ ಒಂದು ಚಪ್ಪಡಿಯ ಮೇಲಿದ್ದವು.

"ಹಗೇವು ಅಂತೀವ್ರೀ ನಾವು, ಹಗೆ ಅಂತೀವಿ. ನೆಲದಾಗ ತೋಡಿದ ಕಣಜ. ಒಂದ್ರಾಗ ಜ್ವಾಳ ಹಾಕ್ತೀವಿ, ಇದರಾಗ ಪುಸ್ತಕ. ಬಾಯಿ ಮ್ಯಾಗಳೇ ಇರತೈತಿ, ಕಲ್ಲು ಮುಚ್ಚಿರ್ತೀವಿ. ಹಾಕಿದ್ದು ಕೆಡೂದಿಲ್ಲ, ಬೇಕಾದಾಗ ತಕ್ಕೋಬೇಕು. ಒಮ್ಮಿಗ್ಲೇ ಒಳಗ ಇಳದ್ರ ಉಸರು ಕಟ್ಟಿ ಸಾಯ್ತಾರ; ಮೊದಲ ದೀಪಾ ಬಿಟ್ಟು ನೋಡ್ಬೇಕು. ಇದಕ್ಯಾಕ ಮೂವತ್ತ ವರ್ಸ ಬೇಕಾತ್ರೀ ನಿಮ್ಮ ಗುರುಗಳಿಗೆ?"

ನನಗೆ ಕುಣಿಯಬೇಕೆನ್ನಿಸಿತು. ನಿಜ ಹೇಳುತ್ತೇನೆ, ಒಂದೆರಡು ಹೆಜ್ಜೆ ಕುಣಿದೆ ಕೂಡ. ನಮ್ಮ ಕರಾವಳಿಯಲ್ಲಿ ಮೊಳಕಾಲುದ್ದ ಅಗೆದರೆ ನೀರು ಬರುತ್ತದೆ. ಭತ್ತವನ್ನು ನೆಲದೊಳಗೆ ಹೂಳುವ ಯೋಚನೆ ಯಾರ ತಲೆಗೆ ಬಂದೀತು? ಇವರಿಗೆ ಅದು ಒಗಟೇ ಅಲ್ಲ, ಅಂಗಳ. ಆರು ತೆಂಗಿನಕಾಯಿಯನ್ನೂ ನೀಲವ್ವನವರ ಕಾಲ ಹತ್ತಿರ ಸುರಿದು ನಮಸ್ಕಾರ ಮಾಡಿದೆ. "ಏಳ್ರಿ ಏಳ್ರಿ, ಊಟ ಮಾಡ್ರಿ ಮೊದಲ" ಎಂದು ಅವರು ಒಳಗೆ ಹೋದರು. ಕರಾವಳಿಯವನು ರೊಟ್ಟಿ ಅಗಿಯಲಾರನೆಂದು ನನಗಾಗಿ ಗಂಗಾವತಿಯ ಅಕ್ಕಿಯ ಅನ್ನ ಮಾಡಿಸಿದರು. ನಾನು ಅನ್ನವನ್ನೂ ಉಂಡೆ, ಹಟ ಮಾಡಿ ರೊಟ್ಟಿಯನ್ನೂ ತಿಂದೆ.

ಬಾಯಿಯೊಳಗೆ

ಉತ್ತರ ಸಿಕ್ಕಿತು, ಹೊರಡಬಹುದಾಗಿತ್ತು. ಆದರೆ ನೆಲದೊಳಗಿನ ಪುಸ್ತಕ ಭಂಡಾರವನ್ನು ನೋಡದೆ ಯಾರು ಹೊರಟಾರು? ಕೇಳಲು ಬಾಯಿ ಬಾರದೆ ಚಪ್ಪಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆ. ನೀಲವ್ವನವರಿಗೆ ಅರ್ಥವಾಯಿತು.

"ಮುಚ್ಚಿದ ಹಗೇವು ಸುಮ್ಮಸುಮ್ಮನ ತಗಿಯೂದಿಲ್ರೀ ನಾವು. ಬೀಜಕ್ಕ ತಗೀಬೇಕು, ಇಲ್ಲಾ ಹಸದು ಬಂದವರಿಗೆ ತಗೀಬೇಕು." ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ವೀರಭದ್ರಾ, ತಗೀ ಅದನ್ನ. ಇವ್ರು ಊಟಾ ಮಾಡಿದ್ರೂ ಹಸದಾರ."

ವೀರಭದ್ರಪ್ಪನವರು ಹಾರೆ ತಂದು ಚಪ್ಪಡಿ ಎಬ್ಬಿಸಿದರು. ಬೇವಿನ ಸೊಪ್ಪಿನ ಹೊಗೆಯ ವಾಸನೆ ಮುಖಕ್ಕೆ ಹೊಡೆಯಿತು; ಮುಚ್ಚುವ ಮೊದಲು ಒಳಗೆ ಹೊಗೆ ಹಾಕುವುದು ವಾಡಿಕೆಯಂತೆ. ಹಗ್ಗಕ್ಕೆ ಹಣತೆ ಕಟ್ಟಿ ಇಳಿಬಿಟ್ಟರು. ಎರಡಾಳು ಆಳದಲ್ಲಿ ದೀಪ ಸಣ್ಣಗಾಗಿ, ಯಾರೋ ಊದಿದಂತೆ ಆರಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಹುಳಕ್ಕೂ ಹಿಂಗ ಆಕ್ಕೈತ್ರೀ. ಅದಕ್ಕ ಓಲಿ ಉಳದಾವ" ಎಂದು ನೀಲವ್ವನವರು ಹೇಳಿದರು. ನಮ್ಮ ಊರಿನಲ್ಲಿ ಕಪಾಟಿನಲ್ಲಿಟ್ಟ ಪುಸ್ತಕ ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು ಹಪ್ಪಳವಾಗುತ್ತದೆ.

ಒಳಗೆ ಗಾಳಿಯಾಡಿ ದೀಪ ಆರದೆ ನಿಲ್ಲುವ ಹೊತ್ತಿಗೆ ಬಿಸಿಲು ಇಳಿದಿತ್ತು. ವೀರಭದ್ರಪ್ಪನವರು ಹಗ್ಗ ಹಿಡಿದು ಮೀನಿನ ಹಾಗೆ ಜಾರಿ ಇಳಿದರು. ನಾನು ಸೊಂಟದವರೆಗೆ ಹೋಗಿ ಸಿಕ್ಕಿಕೊಂಡೆ. ಗದಗಿನ ಬಜಿ, ಗಂಗಾವತಿಯ ಅನ್ನ, ಹಟದ ರೊಟ್ಟಿ ಎಲ್ಲ ಸೇರಿ ನನ್ನನ್ನು ಬಾಯಿಯಲ್ಲಿ ತಡೆದವು. "ನುಂಗವಲ್ದು ನೋಡ್ರಿ ನಮ್ಮ ಹಗೇವು!" ಎಂದು ನೀಲವ್ವನವರು ನನ್ನ ಎರಡೂ ಭುಜ ಹಿಡಿದು ಒತ್ತಿದರು. ಹಗ್ಗದಲ್ಲಿ ಜಾರಿ ಧೊಪ್ಪೆಂದು ಬಿದ್ದೆ.

ಒಳಗೆ ದುಂಡನೆಯ ಗುಡಾಣದಂಥ ಕೋಣೆ. ಗೋಡೆಗೆ ಜೋಳದ ದಂಟಿನ ಹಾಸು, ಸುತ್ತಲೂ ಗೂಡುಗಳು, ಗೂಡುಗೂಡಿನಲ್ಲಿ ಕಟ್ಟು. ಒಂದೊಂದು ಕಟ್ಟಿಗೂ ಒಂದೊಂದು ಸೀರೆಯ ತುಂಡು: ಕೆಂಪು ಸೆರಗು, ಹಸಿರು ಅಂಚು, ಬಣ್ಣ ಹಾರಿದ ಚೌಕಳಿ. ಮೇಲಿನಿಂದ ನೀಲವ್ವನವರ ದನಿ ಬರುತ್ತಿತ್ತು: "ಕರೀ ಚಂದ್ರಕಾಳಿ ಸೀರಿ ಐತಲ್ಲ, ಅದು ನಮ್ಮತ್ತಿಯವ್ರದು, ಅದರಾಗ ಔಷಧದ್ದು. ಹಸರ ಅಂಚಿಂದು ಅವ್ರತ್ತೀದು, ಲೆಕ್ಕದ್ದು. ಎಡಕ್ಕ ಕೆಂಪ ಇಳಕಲ್ಲು, ನನ್ನ ಮದಿವಿ ಸೀರಿ. ಒಗಟ ಅದರಾಗ ಅದಾವ." ಈ ಮನೆಯಲ್ಲಿ ಪುಸ್ತಕದ ಪಟ್ಟಿ ಬರೆದಿಟ್ಟವರಿಲ್ಲ, ಸೊಸೆಯರ ಸೀರೆಗಳೇ ಪಟ್ಟಿ. ಅಕ್ಷರ ಬಾರದ ಆಕೆ, ಕತ್ತಲೆಯಲ್ಲಿದ್ದ ನೂರಾರು ಕಟ್ಟುಗಳನ್ನು ಮೇಲೆ ಇಳಿಬಿಸಿಲಿನಲ್ಲಿ ಕುಳಿತು ನನಗೆ ಒಂದೊಂದಾಗಿ ತೋರಿಸುತ್ತಿದ್ದರು. ನನ್ನ ಕಣ್ಣಿನಲ್ಲಿ ನೀರು ಬಂತು. ಹೊಗೆಗೆ ಬಂತೆಂದು ವೀರಭದ್ರಪ್ಪನವರಿಗೆ ಹೇಳಿದೆ.

ಕೆಂಪು ಸೀರೆ ಬಿಚ್ಚಿದೆ. ಜೇನಿನ ಬಣ್ಣದ ಗರಿಗಳು. ನೂರೊಂದೂ ಇದ್ದವು, ನಮ್ಮ ಒಗಟು ಒಂದಕ್ಷರವೂ ಬದಲಿಲ್ಲದೆ ಇತ್ತು. ಕೊನೆಯ ಗರಿಗೆ ಬಂದೆ. ಶುಭಮಸ್ತು ಎಂದಿತ್ತು, ಅದರಾಚೆ ಏನೂ ಇಲ್ಲ. ಉತ್ತರವನ್ನು ಬರೆದೇ ಇರಲಿಲ್ಲ. ಕಳೆದುಹೋದ ಹಾಳೆ ಎಂಬುದೇ ಸುಳ್ಳು. ನಾನು ಹೇಳಿದ ತಾರೀಖಿಗೆ ಬಂದಿದ್ದರೆ ಇದೇ ಗರಿಯನ್ನು ಬಿಸಿಲಿನಲ್ಲಿ ನೋಡಿ, ಉತ್ತರವಿಲ್ಲವೆಂದು ನಿಟ್ಟುಸಿರು ಬಿಟ್ಟು, ಯಾರನ್ನೂ ಏನೂ ಕೇಳದೆ ಊರಿಗೆ ತಿರುಗುತ್ತಿದ್ದೆ. ಅಂಗಳದಲ್ಲಿ ಜೋಳ ಹಸನು ಮಾಡುವ ಮುದುಕಿಯನ್ನು ಒಗಟಿನ ಉತ್ತರ ಕೇಳುವ ಬುದ್ಧಿ ನನಗಿರಲಿಲ್ಲ.

ಮತ್ತೆ ಕುಮಟೆ

ಮಾಸ್ತರರು ಜಗಲಿಯಲ್ಲೇ ಇದ್ದರು. ಹೆಜ್ಜೆಯ ಸದ್ದಿಗೆ, "ಸಿಕ್ಕಿತೋ?" ಎಂದರು.

ಎಲ್ಲವನ್ನೂ ಹೇಳಿದೆ. ಬಹಮನ್ ತಿಂಗಳು ಎಂದಾಗ ಕೆಮ್ಮಿದರು. ಹಗೆ ಎಂದರೆ ನೆಲದೊಳಗಿನ ಕಣಜ ಎಂದಾಗ, "ಕೋಶ ತೆಗೆ" ಎಂದರು. ತೆಗೆದೆ. ಹಗೆ: ಒಂದು, ವೈರಿ. ಎರಡು, ಧಾನ್ಯ ತುಂಬುವ ನೆಲಗುಳಿ. ಮೂವತ್ತು ವರ್ಷ ಆ ಕೋಶ ಅವರ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ಗೊತ್ತಿರುವ ಶಬ್ದಕ್ಕೆ ಯಾರು ಕೋಶ ನೋಡುತ್ತಾರೆ?

"ಆ ತಾಯಿ ಎಷ್ಟು ಹೊತ್ತು ಯೋಚಿಸಿ ಹೇಳಿದರು?"

ಸುಳ್ಳು ಹೇಳಲೇ ಎಂದುಕೊಂಡೆ. ಆಗಲಿಲ್ಲ. "ಯೋಚಿಸಲೇ ಇಲ್ಲ. ನಕ್ಕರು, ಹೇಳಿದರು."

ಮಾಸ್ತರರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಅವರು ದೀಪ ಆರಿದ ಸಂಗತಿಯನ್ನು ಮತ್ತೆ ಹೇಳಿಸಿದರು. ಸೀರೆಗಳ ಬಣ್ಣ ಹೇಳಿಸಿದರು. ನಾನು ಬಾಯಿಯಲ್ಲಿ ಸಿಕ್ಕಿಕೊಂಡದ್ದನ್ನು ಎರಡು ಸಲ ಹೇಳಿಸಿ, ಎರಡು ಸಲವೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಕೈಯಿಂದ ತಡವಿ ಲೆಕ್ಕಣಿಕೆಯನ್ನು ನನ್ನತ್ತ ತಳ್ಳಿದರು.

"ಬರಕೊ. ನೂರೊಂದನೆಯದಕ್ಕೆ ಅರ್ಥ. ಇದನ್ನು ಬಿಡಿಸಲು ನನ್ನಿಂದಾಗಲಿಲ್ಲ. ಕೊಪ್ಪಳದ ನೀಲವ್ವನವರು ಬಿಡಿಸಿದರು. ಅವರಿಗೆ ಓದಲು ಬರುವುದಿಲ್ಲ."

ಕೊನೆಯ ಮಾತಿಗೆ ನನ್ನ ಕೈ ನಿಂತಿತು. "ಅದನ್ನೂ ಬರೆಯಬೇಕೇ ಮಾಸ್ತರೇ?"

"ಅದನ್ನು ಬರಿ ಮಾರಾಯ. ನನಗೆ ಓದಲು ಬರ್ತದೆ ಅಂತ ಮಾತ್ರ ಎಲ್ಲಿಯೂ ಬರೀಬೇಡ."

ಆ ಹಾಳೆಯನ್ನು ಅದೇ ದಿನದ ಟಪಾಲಿಗೆ ಅಚ್ಚುಕೂಟಕ್ಕೆ ಹಾಕಿದೆ.